ಗೋದಾಮು ಖಾಲಿಯಾಗುವ ದಿನ: ಲೈನ್ ಮನೆ ರಿಪೇರಿ ಮಾಡಿಸುತ್ತಾ ಪ್ರಾಜೆಕ್ಟ್ ಸಾಫ್ಟ್‌ವೇರ್ ಕಲಿತ ಒಂದು ಪ್ರಕರಣ

ವಿರಾಜಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಚಿಕ್ಕಪ್ಪನ ಕಾಫಿ ತೋಟವಿದೆ. ಹೆಚ್ಚಿನದು ರೋಬಸ್ಟಾ. ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸು, ಕೆಳಗೆ ಒಂದಿಷ್ಟು ಗದ್ದೆ. ತೋಟದ ಲೆಕ್ಕ ಬರೆಯುವುದು ಹತ್ತು ವರ್ಷದಿಂದ ನನ್ನ ಕೆಲಸ. ಕೂಲಿ, ಗೊಬ್ಬರ, ಡೀಸೆಲ್, ಮೂಟೆ ಎಲ್ಲವೂ ಮೊದಲು ಉದ್ದ ಪುಸ್ತಕದಲ್ಲಿ, ಆಮೇಲೆ ಎಕ್ಸೆಲ್‌ನಲ್ಲಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಅನ್ನುವುದನ್ನು ಕಳೆದ ವರ್ಷದ ಜನವರಿವರೆಗೆ ನಾನು ತೆರೆದೂ ನೋಡಿರಲಿಲ್ಲ.

ಅದನ್ನು ಕಲಿಯಬೇಕಾಗಿ ಬಂದದ್ದು ಲೈನ್ ಮನೆಗಳಿಂದ. ತೋಟದ ಕೆಲಸದವರು ಇರುವ ಸಾಲು ಮನೆಗಳಿಗೆ ನಮ್ಮಲ್ಲಿ ಲೈನ್ ಅಂತಾರೆ. ನಮ್ಮದರಲ್ಲಿ ಐದು ಮನೆ, ಐದಕ್ಕೂ ಒಂದೇ ಮಾಡು, ಅಂದರೆ ಚಾವಣಿ. ಹೆಂಚಿನ ಕೆಳಗಿನ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಹಿಂದಿನ ಮಳೆಗಾಲದಲ್ಲಿ ಎರಡು ಮನೆಯವರು ರಾತ್ರಿಯಿಡೀ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಬಚ್ಚಲು, ಪಾಯಿಖಾನೆ ಎಲ್ಲರಿಗೂ ಸೇರಿ ಒಂದೇ, ಅದೂ ದೂರದಲ್ಲಿ. ಆನೆ ತಿರುಗಾಡುವ ಜಾಗದಲ್ಲಿ ರಾತ್ರಿ ಹೊತ್ತು ಹೆಂಗಸರು, ಮಕ್ಕಳು ಅಷ್ಟು ದೂರ ಹೋಗಬೇಕು ಅಂದರೆ ಅದು ಸಣ್ಣ ವಿಷಯ ಅಲ್ಲ.

ಮಾಡಬೇಕಾದ ಕೆಲಸ ಇಷ್ಟು. ಹಳೇ ಮಾಡು ಇಳಿಸಬೇಕು. ಗೋಡೆಯ ಬಿರುಕು ಸರಿ ಮಾಡಿ, ಮೇಲೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಬೇಕು. ಕಬ್ಬಿಣದ ಫ್ರೇಮ್ ಕೂರಿಸಿ ಹೆಂಚು ಹೊದಿಸಬೇಕು. ನೆಲ, ಪ್ಲಾಸ್ಟರ್, ವೈರಿಂಗ್, ಬಣ್ಣ. ಹಿಂದೆ ಮೂರು ಹೊಸ ಬಚ್ಚಲುಮನೆ, ಅವಕ್ಕೆ ತಾರಸಿ. ಒಂದು ಸೆಪ್ಟಿಕ್ ಗುಂಡಿ.

ಮುಗಿಯಬೇಕಾದದ್ದು ಜೂನ್ ಮಳೆಗೆ ಮೊದಲು. ಕೊಡಗಿನಲ್ಲಿ ಇದು ಬರೀ ಅನುಕೂಲದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, 2019ರಲ್ಲಿ ನಮ್ಮ ಕಡೆಯ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ನಾವು. ಇಳಿಜಾರಿನಲ್ಲಿ ಮಣ್ಣು ಅಗೆದು, ಗುಂಡಿ ತೆರೆದಿಟ್ಟು ಮಳೆಗಾಲಕ್ಕೆ ಕಾಲಿಡಬಾರದು. ಚಿಕ್ಕಪ್ಪ ಒಂದೇ ಮಾತು ಹೇಳಿದರು: "ಮೇ ಮುಗಿಯುವಾಗ ಎಲ್ಲರೂ ಒಳಗೆ ಇರಬೇಕು ಮಗಳೇ. ಅದಾಗಲ್ಲ ಅಂದ್ರೆ ಈ ವರ್ಷ ಹೆಂಚೇ ಮುಟ್ಟೋದು ಬೇಡ."

ಆರಂಭಿಸುವುದಕ್ಕೂ ಅಡ್ಡಿ ಇತ್ತು. ಜನವರಿ, ಫೆಬ್ರವರಿ ರೋಬಸ್ಟಾ ಕುಯ್ಲು. ಅದು ಮುಗಿಯುವಷ್ಟರಲ್ಲಿ ಹೂವಿಗೆ ನೀರು ಕೊಡಬೇಕು. ಆಕಾಶದಿಂದ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊತ್ತುಕೊಂಡು ತೋಟವೆಲ್ಲ ಓಡಾಡಬೇಕು. ಆಗ ಒಬ್ಬ ಆಳನ್ನೂ ಬೇರೆ ಕೆಲಸಕ್ಕೆ ಕೇಳುವ ಹಾಗಿಲ್ಲ. ಅಂದರೆ ನಮಗೆ ಸಿಗುವುದು ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು.

ಎಕ್ಸೆಲ್ ಶೀಟಿನಲ್ಲೇ ಕೆಲಸಗಳ ಪಟ್ಟಿ ಮಾಡಲು ಕೂತಾಗ ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಹೇಳಿದಳು: "ಅಕ್ಕಾ, ಇದಕ್ಕೆ ಅಂತಲೇ ಸಾಫ್ಟ್‌ವೇರ್ ಇದೆ. ದಿನಾಂಕ ನೀನು ಕೂಡಿಸಬೇಕಾಗಿಲ್ಲ."

ಯಾವುದನ್ನು ಆರಿಸಿದೆವು

ಮೊದಲು ಅವಳು ಟ್ರೆಲ್ಲೋ ತೋರಿಸಿದಳು. ಬೋರ್ಡಿನ ಮೇಲೆ ಕಾರ್ಡು ಅಂಟಿಸಿದ ಹಾಗೆ. ಯಾವ ಕೆಲಸ ಬಾಕಿ, ಯಾವುದು ನಡೆಯುತ್ತಿದೆ, ಯಾವುದು ಮುಗಿದಿದೆ ಅಂತ ಕಾರ್ಡು ಸರಿಸುತ್ತಾ ಹೋಗಬಹುದು. ಚೆನ್ನಾಗಿದೆ. ಆದರೆ ನಮ್ಮ ತೋಟದ ಮನೆಯಲ್ಲಿ ಗಾಳಿ ಬೀಸಿದರೆ ನೆಟ್‌ವರ್ಕ್ ಇರಲ್ಲ. ಅಲ್ಲದೆ ನಮ್ಮ ಪ್ರಶ್ನೆ "ಏನೇನು ಬಾಕಿ" ಅನ್ನುವುದಲ್ಲ. "ಇದು ತಡವಾದರೆ ಕೊನೆ ಯಾವತ್ತು" ಅನ್ನುವುದು. ಅದಕ್ಕೆ ಗ್ಯಾಂಟ್ ಚಾರ್ಟ್ ಬೇಕು. ಎಡಗಡೆ ಕೆಲಸಗಳ ಹೆಸರು, ಬಲಗಡೆ ಕ್ಯಾಲೆಂಡರಿನ ಮೇಲೆ ಒಂದೊಂದಕ್ಕೂ ಅದು ಹಿಡಿಯುವ ದಿನಗಳಷ್ಟು ಉದ್ದದ ಒಂದೊಂದು ಅಡ್ಡ ಪಟ್ಟಿ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಬಳಕೆಗೆ ತಂದ ಚಿತ್ರ ಇದು. ಆಗ ಕಾಗದದ ಮೇಲೆ ಕೈಯಲ್ಲಿ ಬರೆಯುತ್ತಿದ್ದರು.

ಕೊನೆಗೆ ಗ್ಯಾಂಟ್‌ಪ್ರಾಜೆಕ್ಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. 2003ರಿಂದ ಇದೆ, ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಇಂಟರ್ನೆಟ್ ಬೇಡ. ಕೆಲಸದ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ಈ ಕೊನೆಯ ಮಾತು ಆಗ ಸಣ್ಣದಾಗಿ ಕಂಡಿತ್ತು. ಅದು ಎಷ್ಟು ದೊಡ್ಡದು ಅಂತ ಮುಂದೆ ಹೇಳುತ್ತೇನೆ.

ಮೊದಲ ಚಾರ್ಟ್: 74 ಸಾಲು, ಒಂದೂ ಕೊಂಡಿ ಇಲ್ಲ

ಜನವರಿ ಎರಡನೇ ವಾರ ಮೂರು ರಾತ್ರಿ ಕೂತು ಮೊದಲ ಚಾರ್ಟ್ ಮಾಡಿದೆ. ತಲೆಗೆ ಬಂದದ್ದೆಲ್ಲ ಬರೆದೆ. "ಮರಳು ತರುವುದು" ಒಂದು ಸಾಲು, "ಮೊಳೆ ತರುವುದು" ಇನ್ನೊಂದು ಸಾಲು. ಒಟ್ಟು 74 ಸಾಲು ಆಯಿತು. ಪ್ರತಿಯೊಂದಕ್ಕೂ ಶುರುವಾಗುವ ದಿನ, ಮುಗಿಯುವ ದಿನ ನಾನೇ ಹಾಕಿದೆ. ಕೊನೆಯ ಪಟ್ಟಿ ಮೇ 20ಕ್ಕೆ ಮುಗಿದಿತ್ತು. ಚಿಕ್ಕಪ್ಪನಿಗೆ ತೋರಿಸಿದೆ. ಅವರಿಗೂ ಖುಷಿಯಾಯಿತು.

ಆ ವಾರವೇ ಮೇಸ್ತ್ರಿ ಬಂದು, "ಇಲ್ಲಮ್ಮ, ಗೋಡೆ ಕೆಲಸ ನಾನು ಹತ್ತು ದಿನ ತಡವಾಗಿ ಶುರು ಮಾಡಬೇಕಾಗ್ತದೆ" ಅಂದರು. ಆ ಒಂದು ಪಟ್ಟಿಯನ್ನು ಹತ್ತು ದಿನ ಮುಂದಕ್ಕೆ ಎಳೆದೆ. ಉಳಿದ 73 ಪಟ್ಟಿಗಳು ಇದ್ದಲ್ಲೇ ಇದ್ದವು. ಗೋಡೆ ಏಳುವ ಮೊದಲೇ ಅದರ ಮೇಲೆ ಹೆಂಚು ಹೊದಿಸುವ ದಿನ ಬಂದುಬಿಟ್ಟಿತ್ತು!

ಹೊಸದಾಗಿ ಕಲಿಯುವವರಲ್ಲಿ ಬಹಳ ಜನ ಇಲ್ಲೇ ನಿಲ್ಲುತ್ತಾರೆ ಅಂತ ನನಗೆ ಅನಿಸುತ್ತದೆ. ಇದು ಎಕ್ಸೆಲ್‌ಗಿಂತ ಕಷ್ಟ, ಸುಮ್ನೆ ಯಾಕೆ ಅಂತ ಬಿಟ್ಟುಬಿಡುತ್ತಾರೆ. ದಿನಾಂಕಗಳನ್ನೆಲ್ಲ ನಾವೇ ಕೈಯಿಂದ ತುಂಬಿದರೆ ಅದು ಬಣ್ಣ ಬಳಿದ ಎಕ್ಸೆಲ್ ಶೀಟೇ, ಬೇರೇನಲ್ಲ. ಸಾಫ್ಟ್‌ವೇರ್‌ಗೆ ನಾವು ಕೊಡಬೇಕಾದದ್ದು ಎರಡೇ: ಈ ಕೆಲಸಕ್ಕೆ ಎಷ್ಟು ದಿನ ಬೇಕು, ಇದಕ್ಕೆ ಮೊದಲು ಯಾವ ಕೆಲಸ ಮುಗಿದಿರಬೇಕು. ದಿನಾಂಕ ಹುಡುಕುವುದು ಅದರ ಕೆಲಸ. ಈ "ಮೊದಲು ಯಾವುದು" ಅನ್ನುವುದಕ್ಕೆ ಅಲ್ಲಿ ಡಿಪೆಂಡೆನ್ಸಿ ಅಂತ ಹೆಸರು. ನಾನು ಕೊಂಡಿ ಅಂತ ಕರೆಯುತ್ತೇನೆ. ಒಂದು ಪಟ್ಟಿಯಿಂದ ಮೌಸ್ ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಬಾಣದ ಗುರುತು ಮೂಡುತ್ತದೆ. ಮೊದಲನೆಯದು ಜರುಗಿದರೆ ಎರಡನೆಯದೂ ಜರುಗುತ್ತದೆ.

ಬಟನ್ ಕಲಿಯಲು ಹತ್ತು ನಿಮಿಷ ಸಾಕು. ಕೊಂಡಿ ಎಲ್ಲಿ ಹಾಕಬೇಕು ಅಂತ ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಯಾಕೆಂದರೆ ಆ ಉತ್ತರ ಲ್ಯಾಪ್‌ಟಾಪಿನೊಳಗೆ ಇರಲಿಲ್ಲ. ಮೇಸ್ತ್ರಿ, ವೆಲ್ಡರ್, ತೋಟದ ಕೆಲಸ ನೋಡಿಕೊಳ್ಳುವ ರೈಟರ್, ಲೈನಿನ ಹೆಂಗಸರು, ಇವರ ಬಾಯಲ್ಲಿತ್ತು.

ಕೇಳುತ್ತಾ ಹೋದದ್ದು

74 ಸಾಲುಗಳ ಫೈಲನ್ನು ಪಕ್ಕಕ್ಕಿಟ್ಟು ಹೊಸ ಫೈಲ್ ತೆರೆದೆ. ಈ ಸಲ ಒಂದು ದಿನಕ್ಕಿಂತ ಕಡಿಮೆ ಹಿಡಿಯುವ ಯಾವುದನ್ನೂ ಬರೆಯಲಿಲ್ಲ. ಮೊಳೆ, ಮರಳೆಲ್ಲ ನನ್ನ ಪುಸ್ತಕಕ್ಕೆ ವಾಪಸ್ ಹೋದವು. 31 ಕೆಲಸ ಉಳಿಯಿತು.

ಹೆಸರು ಇಡುವ ರೀತಿಯನ್ನೂ ಬದಲಿಸಿದೆ. "ಗೋಡೆ ಕೆಲಸ" ಅಂತ ಬರೆದರೆ ಅದು ಯಾವತ್ತು ಮುಗಿಯಿತು ಅಂತ ಯಾರೂ ಹೇಳಲಾರರು. "5ನೇ ಮನೆ ಗೋಡೆಗೆ ಬೆಲ್ಟ್ ಬಿದ್ದಿದೆ" ಅಂತ ಬರೆದರೆ ಹೋಗಿ ಕಣ್ಣಲ್ಲೇ ನೋಡಬಹುದು.

ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. "ಎಷ್ಟು ದಿನ ಬೇಕು" ಅಂತ ಕೇಳಿದರೆ ಎಲ್ಲರ ಉತ್ತರವೂ "ಒಂದು ವಾರ". ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. "ನಾಳೆ ಬೆಳಿಗ್ಗೆ ನೀವು ಶುರು ಮಾಡಬೇಕು ಅಂತ ಇಟ್ಕೊಳ್ಳಿ. ನೀವು ಬಂದಾಗ ಅಲ್ಲಿ ಏನೇನು ತಯಾರಾಗಿರಬೇಕು? ನಿಮ್ಮ ಜೊತೆ ಎಷ್ಟು ಜನ ಬರ್ತಾರೆ?" ಆಗ ನಿಜವಾದ ಮಾತು ಹೊರಬಂತು.

ಮೇಸ್ತ್ರಿ ಹೇಳಿದರು: "ಮಾಡು ಇಳಿಸಬೇಕಾದ್ರೆ ಮೊದಲು ಜನ ಹೊರಗೆ ಹೋಗ್ಬೇಕಲ್ವಾ ಅಮ್ಮ?"

ಜನ ಎಲ್ಲಿಗೆ ಹೋಗಬೇಕು? ಗೋದಾಮಿಗೆ. ಅದನ್ನು ತಗಡಿನಿಂದ ಮೂರು ಭಾಗ ಮಾಡಿದರೆ ಮೂರು ಕುಟುಂಬ ಇರಬಹುದು. ಅಂದರೆ ಐದೂ ಮನೆಯನ್ನು ಒಟ್ಟಿಗೆ ಬಿಚ್ಚುವ ಹಾಗಿಲ್ಲ. ಮೊದಲು ಮೂರು, ಆಮೇಲೆ ಎರಡು.

ಗೋದಾಮು ಯಾವಾಗ ಖಾಲಿ? ರೈಟರ್ ತಲೆ ಕೆರೆದುಕೊಂಡರು. "ಕೊನೇ ಕುಯ್ಲಿನ ಕಾಫಿ ಚೆರಿ ಕಣದಲ್ಲಿ ಒಣಗಿ, ಮೂಟೆ ಕಟ್ಟಿ, ಲಾರಿ ಹೋದ ಮೇಲೆ ಅಕ್ಕಾ. ಬಿಸಿಲು ಚೆನ್ನಾಗಿದ್ರೂ ಹಣ್ಣು ಒಣಗೋಕೆ ಹನ್ನೆರಡು-ಹದಿನೈದು ದಿನ ಬೇಕು."

ನನ್ನ 74 ಸಾಲಿನ ಚಾರ್ಟಿನಲ್ಲಿ ಕಾಫಿ ಅನ್ನುವ ಪದವೇ ಇರಲಿಲ್ಲ. ಮನೆ ರಿಪೇರಿ ಅಂದಮೇಲೆ ಮನೆ ಕೆಲಸವಷ್ಟೇ ಬರೆಯಬೇಕು ಅಂದುಕೊಂಡಿದ್ದೆ. ಈಗ ನೋಡಿದರೆ ಇಡೀ ಕೆಲಸದ ಮೊದಲ ಕೊಂಡಿ ಕಣದ ಮೇಲೆ ಬಿದ್ದಿರುವ ಚೆರಿಯಲ್ಲಿದೆ.

ಕೊಂಡಿಗಳನ್ನೆಲ್ಲ ಹಾಕಿ ಮುಗಿಸಿದ ರಾತ್ರಿ ಸಾಫ್ಟ್‌ವೇರ್ ಕೊನೆಯ ದಿನಾಂಕ ತೋರಿಸಿತು: ಜೂನ್ 19.

ಮೇ 20 ಅಂತ ಚಿಕ್ಕಪ್ಪನಿಗೆ ನಾನೇ ಹೇಳಿದ್ದೆ. ಒಂದು ತಿಂಗಳ ವ್ಯತ್ಯಾಸ. ಬೆಳಿಗ್ಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲಿನದ್ದು ಸುಳ್ಳು, ಇದು ನಿಜ ಅಂತೀಯಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದ್ರೆ ಇದನ್ನೇ ಸರಿ ಮಾಡು" ಅಂದರು.

ಕೆಂಪು ದಾರಿ

ಈ ಹಂತದಲ್ಲಿ ನನಗೆ ಜಾಸ್ತಿ ನೆರವಾದದ್ದು ಕ್ರಿಟಿಕಲ್ ಪಾತ್ ಅನ್ನುವ ಬಟನ್. ಅದನ್ನು ಒತ್ತಿದರೆ ಕೆಲವು ಪಟ್ಟಿಗಳು ಬೇರೆಯಾಗಿ ಎದ್ದು ಕಾಣುತ್ತವೆ. ಅವುಗಳಲ್ಲಿ ಯಾವುದೇ ಒಂದು ಒಂದು ದಿನ ತಡವಾದರೂ ಇಡೀ ಕೆಲಸ ಒಂದು ದಿನ ತಡ. ಉಳಿದವುಗಳಿಗೆ ಸ್ವಲ್ಪ ಸಡಿಲು ಇರುತ್ತದೆ. 1957ರ ಹೊತ್ತಿಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಈ ಲೆಕ್ಕದ ಕೆಲಸ ಶುರುವಾಯಿತು. ರಾಸಾಯನಿಕ ಕಾರ್ಖಾನೆಗಳನ್ನು ಕಟ್ಟುವುದು, ರಿಪೇರಿಗೆ ನಿಲ್ಲಿಸಿ ಮತ್ತೆ ನಡೆಸುವುದು ಅವರ ಚಿಂತೆಯಾಗಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ಇಂಥದೇ ಪದ್ಧತಿ ತಂದಿತು. ಆ ಲೆಕ್ಕ ಇವತ್ತು ಐದು ಮನೆಯ ಲೈನಿಗೂ ಒದಗುತ್ತದೆ, ಪುಕ್ಕಟೆಯಾಗಿ. ನನಗೆ ಇದು ಸಂತೋಷದ ವಿಷಯ.

ನಾನು ಆ ಪಟ್ಟಿಗಳ ಮೇಲೆ ಪ್ರಿಂಟಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದೆ. ದಾರಿ ಹೀಗಿತ್ತು: ಕೊನೇ ಕುಯ್ಲು, ಒಣಗುವುದು, ಲಾರಿ, ಗೋದಾಮು, ಮೂರು ಕುಟುಂಬ ಜಾಗ ಬದಲಿಸುವುದು, ಮಾಡು ಇಳಿಸುವುದು, ಬೆಲ್ಟ್, ಫ್ರೇಮ್, ಹೆಂಚು, ನೆಲ, ಬಣ್ಣ, ಮೂವರೂ ವಾಪಸ್. ಆಮೇಲೆ ಉಳಿದ ಎರಡು ಮನೆಗೆ ಮತ್ತೆ ಅದೇ ಸರಣಿ. ಬಚ್ಚಲುಮನೆ, ಸೆಪ್ಟಿಕ್ ಗುಂಡಿ ಈ ದಾರಿಯಲ್ಲಿ ಇರಲೇ ಇಲ್ಲ. ಅವು ಬೇರೆ ತಂಡದ ಕೆಲಸ, ಸಡಿಲು ಇತ್ತು. ನಾವೆಲ್ಲ ಅಲ್ಲಿಯವರೆಗೆ ಗುಂಡಿಯ ಬಗ್ಗೆಯೇ ಹೆದರಿಕೊಂಡಿದ್ದೆವು.

ಕೆಂಪು ದಾರಿಯ ಪ್ರತಿ ಕೊಂಡಿಯನ್ನೂ ಹಿಡಿದು "ಇದು ನಿಜವಾಗಿಯೂ ಬೇಕಾ" ಅಂತ ಕೇಳಿದೆವು. ಎರಡು ಕಡೆ ದಾರಿ ಸಿಕ್ಕಿತು.

ಒಂದು, ಫ್ರೇಮ್. ಬೆಲ್ಟ್ ಹಾಕಿ ಅದು ಗಟ್ಟಿಯಾದ ಮೇಲೆ ವೆಲ್ಡರ್ ಅಳತೆ ತೆಗೆದು ಫ್ರೇಮ್ ಶುರು ಮಾಡುತ್ತಾನೆ ಅಂತ ನಾನು ಕೊಂಡಿ ಹಾಕಿದ್ದೆ. ಮೇಸ್ತ್ರಿ ಅದನ್ನು ನೋಡಿ, "ಅಳತೆಗೆ ಕಾಂಕ್ರೀಟ್ ಯಾಕೆ? ಬೆಲ್ಟಿಗೆ ಸೆಂಟ್ರಿಂಗ್ ಕಟ್ಟಿದ ದಿನವೇ ಅಳತೆ ಸಿಗ್ತದೆ. ಅವನು ಅಲ್ಲಿ ಫ್ರೇಮ್ ಮಾಡ್ತಿರಲಿ, ಇಲ್ಲಿ ಇದು ಗಟ್ಟಿಯಾಗ್ತಿರಲಿ" ಅಂದರು. ಕೊಂಡಿಯನ್ನು ಸೆಂಟ್ರಿಂಗಿಗೆ, ಅಂದರೆ ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚಿನ ಕೆಲಸಕ್ಕೆ, ಬದಲಿಸಿದೆ. ಎರಡು ಸರದಿಯಲ್ಲೂ ಈ ಉಳಿತಾಯ ಸಿಕ್ಕಿತು.

ಇನ್ನೊಂದು, ಬಣ್ಣ. ಮೊದಲ ಮೂರು ಮನೆಯ ಬಣ್ಣ ಮುಗಿದ ಮೇಲೆ ಉಳಿದ ಎರಡನ್ನು ಬಿಚ್ಚುವುದು ಅಂತ ಬರೆದಿದ್ದೆ. ಮಾಡು, ನೆಲ, ಬಾಗಿಲು ಆದರೆ ಜನ ಒಳಗೆ ಹೋಗಬಹುದು. ಬಣ್ಣದವರು ಆಮೇಲೆ ಒಂದೊಂದೇ ಕೋಣೆ ಮಾಡಲಿ. ಆ ಕೊಂಡಿಯನ್ನು ತೆಗೆದೆವು.

ದಿನಾಂಕ ಮೇ 28ಕ್ಕೆ ಬಂತು.

ನಡುವೆ ಕ್ಯಾಲೆಂಡರಿನ ಒಂದು ಪಾಠ. ಸಾಫ್ಟ್‌ವೇರ್ ತಾನಾಗಿಯೇ ಶನಿವಾರ, ಭಾನುವಾರ ರಜೆ ಅಂದುಕೊಂಡಿರುತ್ತದೆ. ನಮ್ಮ ಕೆಲಸದವರಿಗೆ ರಜೆ ಬುಧವಾರ, ವಿರಾಜಪೇಟೆ ಸಂತೆ. ಅದನ್ನು ಬದಲಿಸಲು ಪ್ರಾಜೆಕ್ಟಿನ ಕ್ಯಾಲೆಂಡರಿಗೆ ಹೋಗಿ ಬುಧವಾರಕ್ಕೆ ಮಾತ್ರ ಗುರುತು ಹಾಕಿದೆ. ಹಬ್ಬದ ದಿನಗಳನ್ನೂ ಸೇರಿಸಿದೆ. ಇಷ್ಟಾದ ಮೇಲೂ ಒಂದು ತಪ್ಪು ಉಳಿದಿತ್ತು. ಬಚ್ಚಲಿನ ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಕೆಳಗಿನ ಆಧಾರದ ಕಂಬಗಳನ್ನು ಕನಿಷ್ಠ 7 ದಿನ ತೆಗೆಯಬಾರದು. ನಾಲ್ಕೂವರೆ ಮೀಟರ್ ಅಗಲದವರೆಗಿನ ತಾರಸಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವ ಲೆಕ್ಕ ಅದು. ನಾನು 7 ದಿನ ಅಂತ ಹಾಕಿದರೆ ಸಾಫ್ಟ್‌ವೇರ್ ಬುಧವಾರ ಬಿಟ್ಟು 8 ದಿನ ಎಣಿಸುತ್ತಿತ್ತು. ಕಾಂಕ್ರೀಟಿಗೆ ಸಂತೆ ರಜೆ ಇಲ್ಲವಲ್ಲ. ನಡುವೆ ಬರುವ ರಜೆಯ ದಿನ ಕಳೆದು 6 ಅಂತ ಹಾಕಿ ಸರಿ ಮಾಡಿದೆ. ಗೋಡೆ ಒಣಗುವುದು, ಕಾಫಿ ಒಣಗುವುದು, ಇವಕ್ಕೂ ಹೀಗೇ.

ಗೋದಾಮಿನ ಬಾಗಿಲಿಗೆ ಅಂಟಿಸಿದ ಹಾಳೆ

ಚಾರ್ಟನ್ನು ಚಿತ್ರವಾಗಿ ಉಳಿಸಿ, ಪೆನ್ ಡ್ರೈವಿನಲ್ಲಿ ಪೇಟೆಗೆ ಒಯ್ದು, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದೆ. ಎಲ್ಲ ಹೆಸರೂ ಕನ್ನಡದಲ್ಲಿ. ಗೋದಾಮಿನ ಬಾಗಿಲಿಗೆ ಅಂಟಿಸಿದೆ. ಮೇಸ್ತ್ರಿ, ವೆಲ್ಡರ್ ನೋಡಲಿ ಅಂತ.

ಎರಡು ದಿನ ಬಿಟ್ಟು 2ನೇ ಮನೆಯ ತಾಯಿ ನನ್ನ ಹತ್ತಿರ ಬಂದರು. ಮಾತಾಡಲೋ ಬೇಡವೋ ಅನ್ನುವ ಹಾಗಿದ್ದರು. "ಅಕ್ಕಾ, ಆ ಹಾಳೇಲಿ ನಮ್ಮನ್ನ ಮಾರ್ಚ್‌ನಲ್ಲಿ ಗೋದಾಮಿಗೆ ಕಳಿಸ್ತೀರಿ ಅಂತ ಇದೆ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ."

ಹಾಳೆಯನ್ನು ಓದಿದ್ದು ಆ ಹುಡುಗಿಯೇ. ಅಮ್ಮನಿಗೆ ಓದಿ ಹೇಳಿದ್ದಳು.

ನನಗೆ ಬಹಳ ಬೇಸರವಾಯಿತು. ಮೂರು ವಾರದಿಂದ ಮೇಸ್ತ್ರಿಯನ್ನು ಕೇಳಿದ್ದೆ, ವೆಲ್ಡರನ್ನು ಕೇಳಿದ್ದೆ, ಲಾರಿಯವರನ್ನೂ ಕೇಳಿದ್ದೆ. ಲೈನಿನ ಹೆಂಗಸರ ಹತ್ತಿರ ಸಾಮಾನು ಎಷ್ಟಿದೆ, ಒಲೆ ಎಲ್ಲಿಡಬೇಕು ಅಂತ ವಿಚಾರಿಸಿದ್ದೆ. ನಿಮಗೆ ಯಾವ ತಿಂಗಳು ಕಷ್ಟ ಅಂತ ಮಾತ್ರ ಕೇಳಿರಲಿಲ್ಲ. ತಗಡಿನ ಗೋಡೆಯ ಆಚೆ ಇನ್ನೆರಡು ಕುಟುಂಬ, ಒಂದು ಬಲ್ಬು, ಮಕ್ಕಳ ಅಳು. ಅಲ್ಲಿ ಕೂತು ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದಲು ಆಗುತ್ತಾ?

ಆ ಸಂಜೆ ಮೇಸ್ತ್ರಿಯ ಜೊತೆ ಲೈನಿನ ಮುಂದೆ ನಿಂತೆ. ನಾವು 1, 2, 3 ಮೊದಲು ಅಂತ ಇಟ್ಟುಕೊಂಡಿದ್ದೆವು. 1ರಿಂದಲೇ ಶುರುವಾಗಬೇಕು ಅಂತ ಏನಾದರೂ ಕಾರಣ ಇದೆಯಾ ಅಂತ ಕೇಳಿದೆ. "ಕಾರಣ ಏನಿಲ್ಲ, ಎಣಿಸುವಾಗ ಒಂದು ಮೊದಲು ಬರ್ತದಲ್ಲ" ಅಂದರು. ಮಾಡು ಒಂದು ತುದಿಯಿಂದ ಬಿಚ್ಚಬೇಕು, ಅಷ್ಟೇ. ಯಾವ ತುದಿಯಾದರೂ ಸರಿ. ಹಾಗಾಗಿ 5, 4, 3 ಮೊದಲು, 2, 1 ಆಮೇಲೆ ಅಂತ ತಿರುಗಿಸಿದೆವು. ಎರಡನೇ ಸರದಿಯ ಮೊದಲ ಕೆಲಸಕ್ಕೆ, ಪರೀಕ್ಷೆ ಮುಗಿಯುವ ದಿನಕ್ಕೆ ಮೊದಲು ಶುರುವಾಗಬಾರದು ಅಂತ ಸಾಫ್ಟ್‌ವೇರ್‌ನಲ್ಲಿ ಕಟ್ಟು ಹಾಕಿದೆ. ಒಂದು ಕೆಲಸಕ್ಕೆ ಇದಕ್ಕಿಂತ ಮೊದಲು ಬೇಡ ಅಂತ ದಿನಾಂಕ ಕೊಡುವ ಜಾಗ ಅದರಲ್ಲಿದೆ. ಕೊಂಡಿಗಳೆಲ್ಲ ಇದ್ದುದರಿಂದ ಹತ್ತೇ ನಿಮಿಷದಲ್ಲಿ ಇಡೀ ಚಾರ್ಟ್ ಮರುಜೋಡಣೆ ಆಯಿತು. ಕೊನೆಯ ದಿನಾಂಕ ಮೇ 28ರಲ್ಲೇ ನಿಂತಿತು.

ಕನ್ನಡದಲ್ಲಿ ಬರೆಯಬಹುದು ಅನ್ನುವುದು ಎಷ್ಟು ದೊಡ್ಡದು ಅಂದೆನಲ್ಲ, ಅದು ಇಲ್ಲಿ. ಹಾಳೆ ಇಂಗ್ಲಿಷಿನಲ್ಲಿದ್ದರೆ, ಅಥವಾ ಲ್ಯಾಪ್‌ಟಾಪಿನೊಳಗೇ ಉಳಿದಿದ್ದರೆ, ಆ ತಾಯಿಗೆ ಇದು ಗೊತ್ತಾಗುತ್ತಿದ್ದದ್ದು ಮೇಸ್ತ್ರಿ ಏಣಿ ಇಟ್ಟ ದಿನ. ಆಮೇಲೆ ಪ್ರತಿ ಸಲ ಹೊಸ ಹಾಳೆ ಅಂಟಿಸಿದಾಗಲೂ ಐದೂ ಮನೆಯವರನ್ನು ಕರೆದು ಓದಿ ಹೇಳಿದೆ. ಅಸ್ಸಾಮಿನಿಂದ ಬಂದಿದ್ದ ಒಂದು ಕುಟುಂಬಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರಿಗೆ ರೈಟರ್ ಹಿಂದಿಯಲ್ಲಿ ವಿವರಿಸಿದರು.

ನಡೆದದ್ದು

ಕೆಲಸ ಶುರುವಾಗುವ ಮೊದಲು ಬೇಸ್‌ಲೈನ್ ಉಳಿಸಿದೆ. ಅಂದರೆ ಅವತ್ತಿನ ಯೋಜನೆಯ ಒಂದು ನಕಲು. ಮುಂದೆ ಪಟ್ಟಿಗಳು ಜರುಗಿದಾಗ ಹಳೆಯ ಜಾಗವನ್ನೂ ಹೊಸ ಜಾಗವನ್ನೂ ಒಟ್ಟಿಗೆ ನೋಡಬಹುದು. ಬೇಸ್‌ಲೈನ್ ಇಲ್ಲದಿದ್ದರೆ, ಚಾರ್ಟ್ ತಿದ್ದುತ್ತಾ ತಿದ್ದುತ್ತಾ ಮೊದಲು ಏನು ಅಂದುಕೊಂಡಿದ್ದೆವು ಅನ್ನುವುದೇ ಮರೆತುಹೋಗುತ್ತದೆ.

ಪ್ರತಿ ಮಂಗಳವಾರ ಸಂಜೆ ಚಾರ್ಟ್ ತಿದ್ದುವುದು ಅಂತ ಇಟ್ಟುಕೊಂಡೆ. ಸಂತೆಯ ಹಿಂದಿನ ದಿನ ಕೂಲಿ ಬಟವಾಡೆ. ಎಲ್ಲರೂ ಅಲ್ಲೇ ಇರುತ್ತಾರೆ, ಬೇರೆ ಮೀಟಿಂಗ್ ಬೇಡ. ಮೊದಲ ಎರಡು ವಾರ "ಎಷ್ಟು ಆಯ್ತು" ಅಂತ ಕೇಳಿದೆ. "ಮುಕ್ಕಾಲು" ಅನ್ನುತ್ತಿದ್ದರು. ಮುಂದಿನ ವಾರವೂ ಮುಕ್ಕಾಲು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಉಳಿದ ಕಾಲು ಭಾಗ ಯಾವಾಗಲೂ ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ. ಆಮೇಲೆ ಮೂರೇ ಸಂಖ್ಯೆ ಉಳಿಸಿಕೊಂಡೆ. ಶುರುವಾಗದಿದ್ದರೆ 0, ಶುರುವಾಗಿದ್ದರೆ 50, ಮುಗಿದದ್ದನ್ನು ನಾನು ಹೋಗಿ ನೋಡಿ ಬಂದರೆ 100. ಇದರಿಂದ ಚಾರ್ಟ್ ಸ್ವಲ್ಪ ಒರಟಾಯಿತು, ಆದರೆ ನಂಬುವ ಹಾಗಾಯಿತು.

ಮೊದಲ ಪೆಟ್ಟು ಗೋದಾಮಿನಿಂದಲೇ. ಮಾರ್ಚ್ 5ಕ್ಕೆ ಖಾಲಿ ಆಗಬೇಕಿತ್ತು. ಕುಯ್ಲು ಎಳೆಯಿತು, ಒಂದೆರಡು ದಿನ ಮೋಡ ಕವಿದು ಕಣದ ಕಾಫಿಯನ್ನು ಟಾರ್ಪಾಲು ಹೊದಿಸಿ ಇಡಬೇಕಾಯಿತು. ಲಾರಿ ಹೋದದ್ದು ಮಾರ್ಚ್ 14ಕ್ಕೆ. 9 ದಿನ. ಆ ಒಂದು ಪಟ್ಟಿ ಎಳೆದ ತಕ್ಷಣ ಅದರ ನಂತರದ್ದೆಲ್ಲ ಜರುಗಿ ಕೊನೆಯ ದಿನಾಂಕ ಜೂನ್ 6 ಆಯಿತು.

ಮೂಟೆಗಳನ್ನು ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಜೋಡಿಸಿ ಗೋದಾಮು ಬೇಗ ಬಿಡಿಸೋಣ ಅಂತ ಹಿಂದೆಯೇ ಕೇಳಿದ್ದೆ. ಚಿಕ್ಕಪ್ಪ ಒಪ್ಪಿರಲಿಲ್ಲ. ಒಣಗಿದ ಕಾಫಿ ಶೀತ ಎಳೆದರೆ ವರ್ಷದ ದುಡಿಮೆ ಹಾಳು. ಅವರ ಮಾತು ಸರಿ. ಆದರೆ ತಡ ಕಣ್ಣಿಗೆ ಕಂಡಿದ್ದು ಮಾರ್ಚ್ ಮೊದಲ ವಾರವೇ. ಆಗಲೇ ನಮ್ಮ ಮನೆಯ ಹಿಂದಿನ ಹಳೇ ಅಡುಗೆಮನೆಯನ್ನು ತೊಳೆಸಿ, 5ನೇ ಮನೆಯವರನ್ನು ಅಲ್ಲಿಗೆ ಕರೆದೆವು. ತುದಿಯ ಮನೆಯಾದ್ದರಿಂದ ಅದೊಂದರ ಮಾಡನ್ನು ಗೋದಾಮಿಗೆ ಕಾಯದೆ ಬಿಚ್ಚಬಹುದಾಗಿತ್ತು. 5 ದಿನ ವಾಪಸ್ ಸಿಕ್ಕಿತು. ಜೂನ್ 1.

ಏಪ್ರಿಲ್‌ನಲ್ಲಿ ಗುಡುಗು ಮಳೆ ನಾಲ್ಕು ದಿನ ತಿಂದಿತು. ಅದೇ ಮಳೆ ತೋಟಕ್ಕೆ ಬೇಕಾಗಿತ್ತು, ಹೂ ಕಟ್ಟಿದ ಗಿಡಕ್ಕೆ ಅದು ಒಳ್ಳೆಯದು. ಅದಕ್ಕೆ ಯಾರೂ ಬೈಯಲಿಲ್ಲ. ಜೂನ್ 5.

ಮುಂದಿನ ಮೂರು ದಿನ ಹೋದದ್ದು ನನ್ನಿಂದ. ಗ್ಯಾಂಟ್‌ಪ್ರಾಜೆಕ್ಟಿನಲ್ಲಿ ಪ್ರತಿ ಕೆಲಸಕ್ಕೂ ಯಾರು ಅಂತ ಹೆಸರು ಹಾಕಬಹುದು. ಒಬ್ಬರ ಮೇಲೆ ಒಂದೇ ದಿನ ಎರಡು ಪೂರ್ತಿ ಕೆಲಸ ಬಿದ್ದರೆ, ಜನರ ಚಾರ್ಟಿನಲ್ಲಿ ಆ ದಿನಗಳು ಕೆಂಪಾಗುತ್ತವೆ. ವೈರಿಂಗಿನವರ ಸಾಲಿನಲ್ಲಿ ಮೂರು ದಿನ ಕೆಂಪಾಗಿತ್ತು: 3ನೇ ಮನೆಯ ವೈರಿಂಗ್, ಬಚ್ಚಲಿನ ಪಂಪಿನ ವೈರಿಂಗ್, ಎರಡೂ ಒಟ್ಟಿಗೆ. ಆ ಬಣ್ಣವನ್ನು ನಾನು ನೋಡಿದ್ದೆ, ಅದರ ಅರ್ಥ ವಿಚಾರಿಸಲಿಲ್ಲ. ಸಾಫ್ಟ್‌ವೇರ್ ತಾನೇ ಜರುಗಿಸುತ್ತದೆ ಅಂದುಕೊಂಡೆ. ಅದು ಕೊಂಡಿ ಇದ್ದರೆ ಮಾತ್ರ ಜರುಗಿಸುತ್ತದೆ, ಜನರ ಹೊರೆಯನ್ನು ತೋರಿಸಿ ಸುಮ್ಮನಾಗುತ್ತದೆ. ತೀರ್ಮಾನ ನಾವೇ ಮಾಡಬೇಕು. ವೈರಿಂಗಿನವರು ಒಬ್ಬರೇ, ಅವರು ಮೊದಲು ಪಂಪಿಗೆ ಹೋದರು. ಮನೆ ಕೆಲಸ ನಿಂತಿತು. ಜೂನ್ 8.

ಮೇ ಮೂರನೇ ವಾರದ ಬಟವಾಡೆಯ ದಿನ ಚಿಕ್ಕಪ್ಪ, ಮೇಸ್ತ್ರಿ, ರೈಟರ್, ನಾನು ಹಾಳೆಯ ಮುಂದೆ ನಿಂತೆವು. ಹೆಂಚು ಐದೂ ಮನೆಗೆ ಮೇ 19ಕ್ಕೇ ಬಿದ್ದಿತ್ತು. ಬಚ್ಚಲು ಮುಗಿದಿತ್ತು, ಗುಂಡಿ ಮುಚ್ಚಿ ಮಣ್ಣು ಗಟ್ಟಿ ಮಾಡಿಯಾಗಿತ್ತು. ಉಳಿದದ್ದು 1, 2ನೇ ಮನೆಯ ನೆಲ, ವೈರಿಂಗ್, ಬಣ್ಣ. ರಾತ್ರಿ ಪಾಳಿ ಮಾಡಿಸೋಣವಾ ಅಂತ ರೈಟರ್ ಕೇಳಿದರು. ಮೇಸ್ತ್ರಿ ಬೇಡ ಅಂದರು. ಆನೆ ಸಂಜೆ ಐದಕ್ಕೇ ಕೆರೆ ಕಡೆ ಬರುತ್ತಿದ್ದ ದಿನಗಳು ಅವು, ಕೆಲಸದವರನ್ನು ನಾಲ್ಕಕ್ಕೇ ಬಿಡುತ್ತಿದ್ದೆವು. ಬಣ್ಣವನ್ನೇ ಬಿಡೋಣ ಅಂತ ನಾನು ಹೇಳಿದೆ. ಹಸಿ ಗೋಡೆಗೆ ಅವಸರದಲ್ಲಿ ಬಣ್ಣ ಬಳಿದರೆ ಮಳೆಗಾಲದಲ್ಲಿ ಏಳುತ್ತದೆ. ಆ ಎರಡು ಸಾಲನ್ನು ಅಕ್ಟೋಬರಿಗೆ ಎಳೆದೆ. ಎಲ್ಲರೂ ಒಳಗೆ ಬರುವ ದಿನ ಜೂನ್ 4 ಅಂತ ತೋರಿಸಿತು.

ಜೂನ್ 4ಕ್ಕೇ ಬಂದರು. 7ಕ್ಕೆ ಮಳೆ ಹಿಡಿಯಿತು.

ಚಿಕ್ಕಪ್ಪ ಹೇಳಿದ್ದು ಮೇ ಮುಗಿಯುವಾಗ. ನಾಲ್ಕು ದಿನ ಮೀರಿತು. ಮೀರಬಹುದು ಅಂತ ಅವರಿಗೆ ಮಾರ್ಚ್‌ನಲ್ಲೇ ಗೊತ್ತಿತ್ತು, ಹೆಚ್ಚುಕಡಿಮೆ ಪ್ರತಿ ವಾರವೂ ಎಷ್ಟು ಅಂತ ಗೊತ್ತಾಗುತ್ತಾ ಬಂದಿತ್ತು. ಅದಕ್ಕೇ ಬಣ್ಣ ಬಿಡುವ ತೀರ್ಮಾನ ಮೇ ತಿಂಗಳಲ್ಲೇ ಸಮಾಧಾನವಾಗಿ ಮಾಡಲು ಆಯಿತು ಅಂತ ನಾನು ನಂಬಿದ್ದೇನೆ. ಆ 74 ಸಾಲಿನ ಚಾರ್ಟನ್ನೇ ನೆಚ್ಚಿಕೊಂಡಿದ್ದರೆ ಮೇ 20ರವರೆಗೂ ಎಲ್ಲ ಸರಿಯಿದೆ ಅಂತಲೇ ಇರುತ್ತಿದ್ದೆವು, ಜೂನ್ ಮಳೆಯಲ್ಲಿ ಎರಡು ಮನೆಗೆ ಮಾಡು ಇರುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ ಕಳೆದು, ಬಿಸಿಲು ನಿಂತ ಮೇಲೆ 1, 2ನೇ ಮನೆಗೆ ಬಣ್ಣ ಮಾಡಿಸಿದೆವು. 2ನೇ ಮನೆಗೆ ತಿಳಿ ಹಸಿರು, ಪರೀಕ್ಷೆ ಬರೆದ ಹುಡುಗಿಯ ಆಯ್ಕೆ. ಅವಳೀಗ ಪಿಯುಸಿಗೆ ಹೋಗುತ್ತಿದ್ದಾಳೆ. ನೋಡಿಕೊಂಡು ಬಂದು ಆ ಎರಡು ಸಾಲಿಗೂ 100 ಹಾಕಿದೆ. ಮುಂದಿನ ಮಂಗಳವಾರ ಬಟವಾಡೆಯ ಹೊತ್ತಿಗೆ ಮೇಸ್ತ್ರಿ ಬಂದು, ಬರುವ ವರ್ಷ ಕಣ ದೊಡ್ಡದು ಮಾಡುವ ಕೆಲಸದ ಹಾಳೆ ಯಾವಾಗ ಅಂಟಿಸ್ತೀರಿ ಅಂತ ಕೇಳಿದರು. ಇನ್ನೂ ಬರೆದಿಲ್ಲ ಅಂದೆ. "ಹಾಗಾದ್ರೆ ಕೂತ್ಕೊಳ್ಳಿ, ಮೊದಲು ಏನು ಬೇಕು ಅಂತ ಹೇಳ್ತೇನೆ" ಅಂದರು.